ಏರಿನಲ್ಲಿ ಇಳಿದ ಅತ್ತೆ

ರೀ,

ಅತ್ತೆಯನ್ನ ಮಂಡಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೀನಿ. ನಿಮ್ಮ ಹೊಸ ಹೈಬ್ರಿಡ್ ಕಾರಲ್ಲೇ. ಎಸಿ ಹಾಕೇ ಹಾಕ್ತೀನಿ.

ನಿನ್ನೆ ಏರು ಬಂತು ಅಂತ ಹೆತ್ತ ತಾಯಿನ ಇಳಿಸಿ ನಡೆಸಿದ್ರಲ್ಲ, ಲೀಟರಿಗೆ ಎಷ್ಟು ಹೆಜ್ಜೆ ಜಾಸ್ತಿ ಬಂತು? ಅವರಂತೂ ಮಂಡಿ ನೀವ್ಕೊಳ್ತಾ, "ಕಾರು ಪಾಪ, ಏದುಸಿರು ಬಿಡ್ತಿತ್ತು ಕಣಮ್ಮ" ಅಂತ ಮಗನ ಪರವೇ ಮಾತಾಡಿದ್ರು.

ಭಾರ ಅಂತ ನೀವು ಡಿಕ್ಕಿಯಿಂದ ತೆಗೆದು ಮಂಚದ ಕೆಳಗಿಟ್ಟಿದ್ದ ಸ್ಟೆಪ್ನಿ, ಜಾಕಿ, ಅತ್ತೆ ಊರುಗೋಲು ಎಲ್ಲ ವಾಪಸ್ ಹಾಕಿದ್ದೀನಿ.

ತಿಂಡಿ ಒಲೆ ಮೇಲಿದೆ. ಆರಿದ್ರೆ ಬಿಸಿ ಮಾಡ್ಕೊಳ್ಳಿ.

ಮೈಲೇಜ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಭಾರ ಇಳಿದಷ್ಟೂ ಮೈಲೇಜ್ ಏರುತ್ತೆ ಅಂತ ನೀವೇ ಹೇಳ್ತೀರಲ್ಲ, ಅದಕ್ಕೇ ನಿಮ್ಮನ್ನ ಎಬ್ಬಿಸಲಿಲ್ಲ.