ಬೂಟು ಬಿಚ್ಚಿ ಬಂದವನು

ಯುದ್ಧಾಪರಾಧಗಳ ಮಾನ್ಯ ಅಭಿಯೋಜಕರೇ,

೧೯೯೨ರ ಜೂನ್ ಒಂಬತ್ತರ ಬೆಳಿಗ್ಗೆ, ಬೋಸ್ನಿಯಾದ ನಮ್ಮ ವ್ರಾನೊವಾ ಹಳ್ಳಿಯಿಂದ ಸೈನಿಕರು ಹನ್ನೊಂದು ಗಂಡಸರನ್ನು ಕರೆದೊಯ್ದು ಕೊಂದರು. ಅವರಲ್ಲೊಬ್ಬ ನನ್ನ ಅಪ್ಪ ರಾಗಿಬ್. ಒಬ್ಬರ ಮೂಳೆಯೂ ಈವರೆಗೆ ಸಿಕ್ಕಿಲ್ಲ.

ಅಪ್ಪ ದಡ್ಡನಾಗಿರಲಿಲ್ಲ. ಕಾಡಿಗೆ ಓಡಲು ಗಂಟು ಕಟ್ಟಿಕೊಂಡಿದ್ದ. ಉಳಿದ ಹತ್ತು ಮಂದಿ ಆಗಲೇ ಅಲ್ಲಿದ್ದರು. ನಮ್ಮಲ್ಲಿ ಮನೆಗೆ ಬಂದ ಅತಿಥಿಗಳು ಹೊಸ್ತಿಲಲ್ಲೇ ಬೂಟು ಬಿಚ್ಚುವುದು ವಾಡಿಕೆ. ಅವರು ಒಳಗೆ ಕಾಫಿ ಕುಡಿಯುವಾಗ ಮನೆಯ ಮಕ್ಕಳು ಆ ಬೂಟುಗಳ ಮೂತಿಯನ್ನು ಹೊರಗಡೆ ತಿರುಗಿಸಿಡುತ್ತಾರೆ, ಹೊರಡುವಾಗ ಸುಲಭವಾಗಲೆಂದು. ಸೈನಿಕರು ಬೇರೆ ಮನೆಗಳಿಗೆ ಬೂಟುಗಾಲಲ್ಲೇ ನುಗ್ಗಿದರು. ಅವರ ಮುಂದಾಳು ನಮ್ಮ ಮನೆಗೆ ಮಾತ್ರ ಬೂಟು ಬಿಚ್ಚಿ ಬಂದ. ಅಪ್ಪ ಗಂಟನ್ನು ಕೆಳಗಿಟ್ಟ.

"ಬೂಟು ಬಿಚ್ಚಿ ಬಂದವನು ಕಣೇ, ಕೈ ಎತ್ತೋದಿಲ್ಲ. ಕಾಫಿ ಇಡು," ಎಂದು ಅಮ್ಮನ ಕಿವಿಯಲ್ಲಿ ಹೇಳಿದ.

ಅತಿಥಿ ಕಾಫಿಯನ್ನು ಹೊಗಳಿದ. "ಅಕ್ಕಾ, ನಮ್ಮಮ್ಮನ ಕೈಲೂ ಇಂಥ ನೊರೆ ಬರಲ್ಲ." ಆಮೇಲೆ ಅಪ್ಪನ ಹೆಸರು ಕೇಳಿಕೊಂಡು, "ರಾಗಿಬಣ್ಣ, ಕಾಡಲ್ಲಿರೋರನ್ನ ಕೂಗು. ಹೆಸರು ಬರ್ಕೊಂಡು ಬಿಟ್ಬಿಡ್ತೀವಿ. ನೀನು ಕರೆದ್ರೆ ಬರ್ತಾರೆ."

ಅಪ್ಪ ಕರೆದ. ಅವರು ಬಂದರು.

ಹೋಗುವಾಗ ಅವನು ನನ್ನ ಕೆನ್ನೆ ತಟ್ಟಿದ. "ಬೂಟು ತಿರುಗಿಸಿಟ್ಟಿದೀಯ. ಒಳ್ಳೆ ಮನೆ ಹುಡುಗಿ." ಒಂಬತ್ತು ವರ್ಷದ ನಾನು ಹಿಗ್ಗಿದೆ. ಅರ್ಧ ಗಂಟೆಯ ಮೇಲೆ ಮರ ಕೊಯ್ಯುವ ಕಾರ್ಖಾನೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು.

ಆ ಬೂಟಿನ ಲೇಸಿನಡಿಯ ನಾಲಿಗೆಯ ಮೇಲೆ ಶಾಯಿಯಲ್ಲಿ ಅವನ ಹೆಸರು ಬರೆದಿತ್ತು. ನಾನು ಓದಿದ್ದೆ.

ತಮ್ಮ ಕಚೇರಿ ‘ಅಪರಿಚಿತ ಸೈನಿಕರು’ ಎಂದು ನಾಲ್ಕು ಸಲ ಕಡತ ಮುಚ್ಚಿತು. ಮಕ್ಕಳ ನೆನಪು ಪುರಾವೆಯಾಗದು ಎಂದೂ ತಿಳಿಸಿತು. ಹಾಗಿದ್ದರೆ ಇನ್ನು ಮುಂದೆ ವಯಸ್ಕರ ಎದುರೇ ಕೊಲ್ಲತಕ್ಕದ್ದೆಂದು ಸೈನ್ಯಗಳಿಗೊಂದು ಸುತ್ತೋಲೆ ಕಳಿಸಬಾರದೇ? ಆದರೂ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹೇಳಿಕೆ ಕೊಟ್ಟಾಗಲೆಲ್ಲ ಆ ಹೆಸರನ್ನು ಮಾತ್ರ ನಾನು ಹೆದರಿ ಬಚ್ಚಿಟ್ಟಿದ್ದೆ. ನಾನೀಗ ಇರುವ ಪಟ್ಟಣದಲ್ಲೇ ಅವನೂ ಇದ್ದಾನೆ. ನಾನು ಕೆಲಸ ಮಾಡುವ ಗ್ರಂಥಾಲಯದ ಎದುರು ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಲ್ಲುತ್ತಾನೆ, ಮುದುಕಿಯರಿಗೆ ಜಾಗ ಬಿಡುತ್ತಾನೆ.

ಈ ಚಳಿಗಾಲ ಅಮ್ಮ ತೀರಿಕೊಂಡಳು. "ಹೇಳಿಬಿಡು ಮಗಳೇ. ನಿಮ್ಮಪ್ಪ ಕರೆದ ಆ ಹತ್ತು ಜನರ ಹೆಂಡಂದಿರ ಮುಖ ನೋಡೋಕಾಗಲ್ಲ ನನಗೆ," ಎಂಬುದೇ ಅವಳ ಕೊನೆಯ ಮಾತು. ಮಾರ್ಚ್ ಮೂರರಂದು ಹೆಸರು ಬರೆದು, ಲಕೋಟೆ ಅಂಟಿಸಿ, ತಮ್ಮ ಕಚೇರಿಯಲ್ಲಿ ಕೈಯಾರೆ ಕೊಟ್ಟೆ. ಬೇರೆ ಯಾರಿಗೂ ಹೇಳಿಲ್ಲ. "ಗೋಡೆಗೂ ಗೊತ್ತಾಗಲ್ಲ, ಹೋಗಮ್ಮ," ಎಂದರು ತಮ್ಮ ಗುಮಾಸ್ತರು.

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಬಾಗಿಲು ತೆಗೆದರೆ, ನಾನೊಬ್ಬಳೇ ಇರುವ ಮನೆಯ ಹೊಸ್ತಿಲಲ್ಲಿ ಒಂದು ಜೊತೆ ಹಳೆಯ ಸೈನಿಕ ಬೂಟು. ಮೂತಿ ಒಳಗಡೆಗೆ. ನಮ್ಮಲ್ಲಿ ಅದರ ಅರ್ಥ ಒಂದೇ: ಬಂದವನು ಒಳಗಿದ್ದಾನೆ. ಪ್ರತಿ ಕೋಣೆಯನ್ನೂ, ಕಪಾಟನ್ನೂ ನೋಡಿದೆ. ಈಗಲೂ ದಿನಾ ನೋಡುತ್ತೇನೆ.

ಅವನ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಅದು ತಮ್ಮ ಬಳಿ ಇದೆ. ಹನ್ನೊಂದು ಮಂದಿಯನ್ನು ಎಲ್ಲಿ ಹೂತಿದ್ದೀಯ ಎಂದು ಅವನನ್ನು ಕರೆಸಿ ಕೇಳಿದಿರಾ? ಆ ಲಕೋಟೆಯನ್ನು ಬಿಚ್ಚಿದವರು ಯಾರು, ಓದಿ ಯಾರಿಗೆ ಹೇಳಿದರು? ಈ ಬಹಿರಂಗ ಪತ್ರ ಅಚ್ಚಾಗುವ ಇದೇ ಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ ಉತ್ತರಿಸಿ. ದಯವಿಟ್ಟು ಲಕೋಟೆಯಲ್ಲಿ ಬೇಡ.

ಇಂತಿ,
ಅವನ ಬೂಟು ತಿರುಗಿಸಿಟ್ಟ ಒಳ್ಳೆ ಮನೆ ಹುಡುಗಿ,
ಜುಮ್ರಾ