ಹಿಂದಕ್ಕೆ ತಿರುಗಿದ ಎಲೆ

ಗೆಳತಿ ಸುನಂದಾ,

ನಗಬೇಡ. ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಬಿಡಿಸಬೇಕಾದವಳು ನೀನೊಬ್ಬಳೇ, ನೀನೇ ಇಲ್ಲ.

ವಡಗಾವಿಯ ಮಗ್ಗದವರಿಗೆ ನಾನು ಸೀರೆಯಂಚಿನ ದಡಿಗೆ ಚಿತ್ತಾರ ಬರೆದುಕೊಡುವುದು ನಿನಗೆ ಗೊತ್ತೇ ಇದೆ. ಕಳೆದ ಶ್ರಾವಣದಲ್ಲಿ ಒಂದು ಬಳ್ಳಿ ಬರೆದೆ. ಚಹಾ ಆರುವುದರೊಳಗೆ ಮುಗಿದಿತ್ತು. ಎಲೆಗಳೆಲ್ಲ ಮುಂದಕ್ಕೆ ಬಾಗಿವೆ, ನಡುನಡುವೆ ಒಂದೆಲೆ ಮಾತ್ರ ಹಿಂದಕ್ಕೆ ತಿರುಗಿದೆ. ಇಂಥದ್ದು ಯಾರಿಗೂ ಹೊಳೆದಿಲ್ಲ ಎಂದು ಎಷ್ಟು ಬೀಗಿದೆನೋ. ಅಂಗಡಿಯವರು ‘ಶಾಂತಕ್ಕನ ದಡೀನ ಬೇಕಂತ ಕೇಳಾಕ್ಹತ್ತಾರ್ರೀ’ ಎಂದಾಗಲಂತೂ ನನಗೆ ಕೋಡೇ ಮೂಡಿತು.

ಆ ಜಂಬದಲ್ಲೇ ಒಂದು ಸೀರೆ ಹಿಡಿದು ಖಾನಾಪುರಕ್ಕೆ ಹೋದೆ, ನಿನ್ನ ತಾಯಿಗೆ ಕೊಡೋಣವೆಂದು. ನಮ್ಮಿಬ್ಬರಿಗೂ ಅವಳು ಆಯಿಯೇ ಅಲ್ಲವೇ? ಮಡಿಕೆ ಬಿಚ್ಚಿದವಳು ದಡಿಯ ಬಳ್ಳಿಯ ಮೇಲೆ ಬೆರಳಾಡಿಸಿದಳು.

‘ಅಗಂ ಬಾಯಿ, ಇದು ನಮ್ಮ ಸುನಂದಾನ ರಂಗೋಲಿ ಐತೆಲ್ಲ. ದಿನಾ ಹೊಸ್ತಿಲ ಮುಂದ ಹಾಕ್ತಿದ್ಲು. ಆಕಿ ತೀರಿಹೋದ ಮ್ಯಾಲ ಎಲ್ಲಾರೂ ಮರತ್ರು. ನೀ ಒಬ್ಬಾಕಿ ಮರೀಲಿಲ್ಲ ನೋಡವಾ.’

ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದಳು.

ರಜೆಗೆ ನಿಮ್ಮ ಮನೆಗೆ ಬಂದಾಗ ನೀನು ಬಗ್ಗಿ ರಂಗೋಲಿ ಎಳೆಯುತ್ತಿದ್ದದ್ದು, ನಾನು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನೋಡುತ್ತಿದ್ದದ್ದು ಆಗ ನೆನಪಾಯಿತು. ಆ ಎಲೆ ಯಾಕೆ ಸೊಟ್ಟ ಎಂದು ನಾನು ಕೇಳಿದರೆ, ‘ಹಿಂದ ಯಾರರ ಬರಾಕ್ಹತ್ತಾರೇನು ನೋಡ್ತದ’ ಎಂದಿದ್ದೆ ನೀನು. ಇದನ್ನೆಲ್ಲ ಎಲ್ಲಿ ಇಟ್ಟು ಮರೆತಿದ್ದೆ ನಾನು? ಕದಿಯಲಿಲ್ಲ ಸುನಂದಾ, ನಿನ್ನಾಣೆ. ಆದರೆ ಕದ್ದವರಿಗಾದರೂ ಅದು ಯಾರದೆಂದು ಗೊತ್ತಿರುತ್ತದೆ. ನಾನು ನಿನ್ನ ಬಳ್ಳಿಯನ್ನು ಇಟ್ಟುಕೊಂಡು ನಿನ್ನನ್ನು...

ಮರೆತಿದ್ದೆನೆಂಬ ನಿಜವನ್ನು ಹೇಳಿದರೆ, ಮಗಳನ್ನು ನೆನೆಯುವವಳು ಒಬ್ಬಳಿದ್ದಾಳೆ ಎಂಬ ಆಯಿಯ ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ, ಮರೆತದ್ದಕ್ಕೇ ಆಶೀರ್ವಾದ ತೆಗೆದುಕೊಳ್ಳುತ್ತಿರಬೇಕು. ಇನ್ನು ಮೇಲೆ ಅದು ಸುನಂದಾ ದಡಿ ಎಂದು ಅಂಗಡಿಯವರಿಗೆ ಹೇಳಿಬಿಟ್ಟೆ. ಆಯಿಗೆ ಅದೂ ನನ್ನ ದೊಡ್ಡತನವಾಗಿಯೇ ಕಂಡಿತು. ‘ಆಕಿದು ಇನ್ನೊಂದು ರಂಗೋಲಿ ನೆನಪ ಮಾಡ್ಕೊಂಡು ಬರಕೊಂಡ ಬಾ’ ಎಂದಿದ್ದಾಳೆ.

ನೆನಪು ಮಾಡಿಕೊಳ್ಳಲು ಕೂತರೆ ಒಂದು ಗೆರೆಯೂ ಬರುವುದಿಲ್ಲ. ನಿನ್ನೆ ಬೇರೇನೋ ಯೋಚಿಸುತ್ತಿದ್ದಾಗ ಕೈ ತಾನಾಗಿ ಒಂದು ಹೂವು ಬರೆಯಿತು. ನನ್ನದೋ ನಿನ್ನದೋ ತಿಳಿಯುತ್ತಿಲ್ಲ. ಸೋಮವಾರ ಖಾನಾಪುರಕ್ಕೆ ಒಯ್ಯುತ್ತೇನೆ. ಆಯಿಯ ಕಣ್ಣು ತುಂಬಿದರೆ ನಿನ್ನದು, ಸುಮ್ಮನೆ ನೋಡಿದರೆ ನನ್ನದು. ಯಾವುದಾಗಲಿ ಎಂದು ಬೇಡಿಕೊಳ್ಳಲಿ, ನೀನೇ ಹೇಳು.

ನಿನ್ನ
ಶಾಂತಾ