ಮೆಷಿನ್ನಿನ ಜೊತೆ ನಾನು ಬರುವುದಿಲ್ಲ

ತಿರುಪ್ಪೂರು
೫ ಅಕ್ಟೋಬರ್ ೨೦೨೫, ಭಾನುವಾರ

ಭೂಮಿಯ ಅಪ್ಪನಿಗೆ ದ್ರಾಕ್ಷಾಯಣಿ ಮಾಡುವ ನಮಸ್ಕಾರಗಳು.

ನಾನು, ಭೂಮಿ ಇಬ್ಬರೂ ಆರಾಮ ಇದ್ದೇವೆ. ನೀವೂ ಆರಾಮ ಇರಬೇಕು, ಇಲ್ಲದಿದ್ದರೆ ನಾನು ಜಗಳ ಆಡುವುದಾದರೂ ಯಾರ ಜೊತೆ? ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಆತು ಬಿಡು, ಆಮ್ಯಾಲೆ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಕಟಿಂಗ್ ಮಾಸ್ಟರ್ ಇರ್ಫಾನ್ ಅಣ್ಣ ನಾಳಿದ್ದು ಕೆನ್ಯಾಕ್ಕೆ ಹೊರಟಿದ್ದಾರೆ. ನಿಮ್ಮ ಕೈಗೇ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರಬೇಕೆಂದು ಅವರಿಗೆ ಹೇಳಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಬರುವುದಿಲ್ಲ.

ಇಲ್ಲಿಯ ಸಂಗತಿ ನಿಮಗೆ ಕಂಪನಿಯವರು ಅವರಿಗೆ ಬೇಕಾದಂತೆ ಹೇಳಿರುತ್ತಾರೆ, ನನ್ನಿಂದಲೂ ಕೇಳಿ. ಅಮೆರಿಕದವರು ನಮ್ಮ ಬಟ್ಟೆಯ ಮೇಲೆ ನೂರಕ್ಕೆ ಐವತ್ತು ಸುಂಕ ಹಾಕಿದ್ದೇ ತಡ, ನಮ್ಮ ಲೈನಿನ ಮಕ್ಕಳ ಪೈಜಾಮದ ಆರ್ಡರ್ ನಿಂತುಹೋಯಿತು. ಹಾಸ್ಟೆಲಿನ ಒಡಿಶಾ ಹುಡುಗಿಯರು ಪೆಟ್ಟಿಗೆ ಹೊತ್ತು ರೈಲು ಹತ್ತಿದರು. ಕೆನ್ಯಾದಿಂದ ಹೋದರೆ ಸುಂಕ ನೂರಕ್ಕೆ ಹತ್ತೇ ಅಂತೆ. ಅದೇ ಬಟ್ಟೆ, ಅದೇ ನೂಲು, ಅದೇ ಓವರ್‌ಲಾಕ್ ಮೆಷಿನ್. ಹೊಲಿದ ಊರು ಬೇರೆಯಾದರೆ ಸಾಕು, ಅಂಗಡಿಯಲ್ಲಿ ಬೆಲೆ ಬೇರೆ. ಇದರಲ್ಲಿ ನಾನು ಮಾಡಿದ ತಪ್ಪೇನು ಎಂದು ಎಷ್ಟು ಯೋಚಿಸಿದರೂ ನನಗೆ ತಿಳಿಯಲಿಲ್ಲ.

ಆಮೇಲೆ ಒಂದು ದಿನ ಕಂಪನಿಯ ಮಾಲೀಕರು, ನಮ್ಮ ಮೊದಲಾಳಿ ಸೋಮಸುಂದರಂ, ನಮ್ಮನ್ನೆಲ್ಲ ನಿಲ್ಲಿಸಿ, ಈ ಲೈನಿನ ಮೆಷಿನ್‌ಗಳು ಕೆನ್ಯಾದಲ್ಲಿ ನೀವು ಸೂಪರ್‌ವೈಸರ್ ಆಗಿರುವ ಶೆಡ್ಡಿಗೆ ಹೋಗುತ್ತವೆ, ಜೊತೆಗೆ ಅಲ್ಲಿಯವರಿಗೆ ಕೆಲಸ ಕಲಿಸಲು ಕೆಲವರು ಎರಡು ವರ್ಷಕ್ಕೆ ಹೋಗಬೇಕು, ಒಲ್ಲೆ ಎಂದವರಿಗೆ ಇಲ್ಲಿ ಕೆಲಸ ಇಲ್ಲ ಎಂದರು. ಮೊದಲು ಕೂಗಿದ್ದೇ ನನ್ನ ಹೆಸರು. ನಾನು ಯಾರಿಗೂ ಹೂಂ ಅಂದಿಲ್ಲವಲ್ಲ ಎಂದೆ. ನನ್ನ ಪರವಾಗಿ ನೀವು ಮಾತು ಕೊಟ್ಟಾಗಿದೆ, ಭೂಮಿಯನ್ನು ರಾಣೆಬೆನ್ನೂರಿನಲ್ಲಿ ನಿಮ್ಮ ಅವ್ವನ ಹತ್ತಿರ ಬಿಡುವುದೂ ತೀರ್ಮಾನವಾಗಿದೆ ಎಂದರು. ನನ್ನ ಮಗಳು ಯಾರ ಮನೆಯಲ್ಲಿ ಬೆಳೆಯಬೇಕು ಎನ್ನುವುದನ್ನು ನಾನು ಮೊದಲಾಳಿಯ ಬಾಯಿಂದ ಕೇಳಬೇಕಾಯಿತೇ? ಮೈಯೆಲ್ಲ ಉರಿದುಹೋಯಿತು. ಮೆಷಿನ್ನಿನ ಜೊತೆ ಎಣ್ಣೆಯ ಡಬ್ಬಿ ಕಳಿಸುವ ಹಾಗೆ ನನ್ನನ್ನೂ ಸೇರಿಸಿ ಕಳಿಸಲು ಒಪ್ಪಿಕೊಂಡಿದ್ದೀರಿ.

ಈಗ ಆಯುಧಪೂಜೆಯ ವಿಷಯ ಕೇಳಿ. ಇದನ್ನು ಬೇರೆಯವರಿಂದ ಕೇಳಿ ನೀವು ನಗುವುದು ಬೇಡ, ನಾನೇ ಹೇಳುತ್ತೇನೆ.

ಮೊದಲಾಳಿಯ ದೈವಭಕ್ತಿ ನಿಮಗೆ ಗೊತ್ತೇ ಇದೆ. ಪೂಜೆ ಮಾಡದೆ ಮೆಷಿನ್ ಸಮುದ್ರ ದಾಟಬಾರದು, ವಿಜಯದಶಮಿಯ ಬೆಳಿಗ್ಗೆ ಹೊರಟರೆ ಶುಭ ಎಂದು ಲಾರಿಯನ್ನು ಆ ಬೆಳಿಗ್ಗೆಗೇ ಹೇಳಿದ್ದರು. ನಾವು ಎಂದಿನಂತೆ ಶೆಡ್ ತೊಳೆದೆವು, ಮೆಷಿನ್ ಒರೆಸಿ ವಿಭೂತಿ, ಗಂಧ, ಕುಂಕುಮ ಇಟ್ಟೆವು, ಬೂದುಗುಂಬಳ ಒಡೆದರು, ಮಂಡಕ್ಕಿ ಹಂಚಿದರು. ಆದರೆ ನಮ್ಮ ಶೆಡ್ಡಿನ ಪದ್ಧತಿಯೇ ತಮಗೆ ತೊಡಕಾಗಬಹುದೆಂದು ಮೊದಲಾಳಿ ಯೋಚಿಸಿರಲಿಲ್ಲ. ಪೂಜೆಗೆ ಕೂತ ಮೆಷಿನ್ನಿಗೆ ಮರುದಿನ ಅದರ ಮೇಲೆ ಕೆಲಸ ಮಾಡುವವರೇ ಹೊಸ ಬಟ್ಟೆಯಲ್ಲಿ ಒಂದು ಹೊಲಿಗೆ ಹಾಕಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಇದು ಹೊಳೆದದ್ದು ನನ್ನ ಪಕ್ಕದ ಪಾಪಾತಿ ಅಕ್ಕನಿಗೆ. ಮೂರು ತಲೆಮಾರಿನಿಂದ ಇಲ್ಲೇ ನೆಲೆ ನಿಂತ ನೇಕಾರರ ಮನೆಯವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ಬೆಳಿಗ್ಗೆ ಲಾರಿ ಬಂದು ಬಾಗಿಲಲ್ಲಿ ನಿಂತಿತ್ತು. ಮೊದಲಾಳಿ, ಕೂತು ಹೊಲಿಗೆ ಹಾಕಿ ಎಂದರು. ನಾನು ಸ್ಟೂಲು ಎಳೆಯುತ್ತಿದ್ದೆ. ಅಕ್ಕ ನನ್ನ ರಟ್ಟೆ ಹಿಡಿದು, "ಕೂರಬ್ಯಾಡ ನನ್ ಕಣ್ಣು, ನಿಂತ್ಕೋ. ನಾವ್ ಹೊಲಿಗೆ ಹಾಕ್ದೆ ಇವ್ರು ಮೆಷಿನ್ನ ಎತ್ತ ಕೂಡಾದು, ಎತ್ತಬಾರ್ದು. ಎತ್ತಲಿ ನೋಡಾಣ, ಪಾಕ್ಕಲಾಂ" ಎಂದಳು.

ನಾನು ನಿಂತೆ. ನನ್ನನ್ನು ನೋಡಿ ಆ ಸಾಲು ನಿಂತಿತು, ಆಮೇಲೆ ಇಡೀ ಶೆಡ್ಡು. ಯಾರೂ ಕೂಗಲಿಲ್ಲ, ಧಿಕ್ಕಾರ ಅನ್ನಲಿಲ್ಲ. ಹಬ್ಬದ ಸೀರೆ ಉಟ್ಟು ಕೈಕಟ್ಟಿ ನಿಂತೆವು ಅಷ್ಟೇ. ಹಮಾಲಿಗಳಲ್ಲೊಬ್ಬ ಮೆಷಿನ್ನಿಗೆ ಕೈಹಾಕಲು ಬಂದರೆ ಮೊದಲಾಳಿಯೇ ಹೌಹಾರಿ ಬೇಡ ಬೇಡ ಎಂದು ತಡೆದರು. ಬೈದರು, ಬೇಡಿದರು, ಬೋನಸ್ ನೆನಪಿಸಿದರು. ಮಧ್ಯಾಹ್ನದವರೆಗೆ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ.

ನಿಮಗೇನು ಬೇಕು ಎಂದು ಕೊನೆಗೆ ಕೇಳಿದರು. ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ನಾನು ಕಾಯುತ್ತಿದ್ದೆ ನೋಡಿ. ಹೋಗಲು ಮನಸ್ಸಿದ್ದವರು ತಮ್ಮ ಮೆಷಿನ್ನಿಗೆ ಹೊಲಿಗೆ ಹಾಕಲಿ, ಅವು ಹೋಗಲಿ. ಮಿಕ್ಕವು ಇಲ್ಲೇ ಇರಲಿ. ಬಾಡಿಗೆ ಕೊಟ್ಟು ನಾವೇ ಇಲ್ಲಿಯ ಮಕ್ಕಳಿಗೆ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತೇವೆ, ಗಾಂಧಿಪುರಂ ಪೇಟೆಯ ಅಂಗಡಿಗಳಿಗೆ ಬನಿಯನ್ ಹೊಲಿಯುತ್ತೇವೆ. ಇಷ್ಟನ್ನು ನನ್ನ ಹರಕುಮುರುಕು ತಮಿಳಿನಲ್ಲಿ ಹೇಳಿದೆ. ಮೊದಲಾಳಿ ಕುಂಕುಮ ಇಟ್ಟ ಮೆಷಿನ್‌ಗಳನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ ಹಣೆ ಚಚ್ಚಿಕೊಂಡು ಒಪ್ಪಿದರು.

ಹೊಲಿಗೆ ಹಾಕಿದ್ದು ನಾಲ್ವರು ಮಾತ್ರ. ಅವರಲ್ಲಿ ಮಲ್ಲಿಗಾ ಅಳುತ್ತಲೇ ಹಾಕಿದಳು. ಗಂಡನಿಲ್ಲದ ಹೆಣ್ಣು, ಅವಳ ಮನೆ ಅವಳೊಬ್ಬಳ ಮೇಲೆ ನಿಂತಿದೆ. ಅವಳನ್ನು ನಾವು ಯಾರೂ ಒಂದು ಮಾತು ಅನ್ನಲಿಲ್ಲ. ಇರ್ಫಾನ್ ಅಣ್ಣನ ಜೊತೆಗೇ ಬರುತ್ತಿದ್ದಾಳೆ, ಅಲ್ಲಿ ಅವಳ ಮೇಲೆ ದನಿ ಎತ್ತಬೇಡಿ. ಅಲ್ಲಿಯ ಹುಡುಗಿಯರ ಮೇಲೂ ನನಗೆ ಸಿಟ್ಟಿಲ್ಲ. ಅವರಿಗೂ ಹೊಟ್ಟೆ ಇದೆ. ನಾಳೆ ಅಲ್ಲಿಯ ಸುಂಕವೂ ಏರಿದರೆ ಇದೇ ಮೆಷಿನ್‌ಗಳು ಇನ್ನೊಂದು ದೇಶಕ್ಕೆ ಹೊರಡುತ್ತವೆ. ಅವುಗಳ ಹಿಂದೆ ಮಗಳನ್ನು ಬಿಟ್ಟು, ಮನೆ ಬಿಟ್ಟು ನಾನು ಎಲ್ಲಿಯವರೆಗೆ ಓಡಲಿ?

ನನ್ನನ್ನು ಕರೆತರುತ್ತೇನೆಂದು ಹೇಳಿ ಕಂಪನಿಯಲ್ಲಿ ನೀವು ದೊಡ್ಡವರಾಗಿದ್ದರೆ ಈಗ ಸ್ವಲ್ಪ ಸಣ್ಣವರಾಗಿ. ನನಗೆ ಅದರ ಚಿಂತೆ ಇಲ್ಲ. ನಮ್ಮ ಶೆಡ್ ನಡೆಯದೆ ಹೋಗಬಹುದು, ಯೂನಿಫಾರ್ಮಿನಲ್ಲಿ ಸಿಗುವುದು ಕಡಿಮೆ ಎನ್ನುವುದೂ ಗೊತ್ತು. ಬಿದ್ದರೆ ಇಲ್ಲೇ ಬಿದ್ದು ಇಲ್ಲೇ ಏಳುತ್ತೇನೆ. ಭೂಮಿ ನನ್ನ ಹತ್ತಿರವೇ ಇರುತ್ತಾಳೆ, ಈ ಮಾತು ಇಲ್ಲಿಗೆ ಮುಗಿಯಿತು.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಜಗಳ ಇನ್ನೂ ಬಾಕಿ ಇರುವ,
ನಿಮ್ಮ ದ್ರಾಕ್ಷಾಯಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಮೊದಲಾಳಿ ನನ್ನ ಹೆಸರು ಕೂಗುವ ಹಿಂದಿನ ವಾರ ನಾನು ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದಿದ್ದೆ, ನನ್ನದೂ ಭೂಮಿಯದೂ. ನೀವಿಲ್ಲದ ಮನೆ ಸಾಕಾಗಿತ್ತು. ಒಂದು ಮಾತು ನನ್ನನ್ನು ಕೇಳಿದ್ದರೆ ಇಬ್ಬರೂ ಬಂದುಬಿಡುತ್ತಿದ್ದೆವು. ಈಗ ಇರ್ಫಾನ್ ಅಣ್ಣ ಹೊರಟ ಮೇಲೆ ನಮ್ಮ ಶೆಡ್ಡಿಗೆ ಬಟ್ಟೆ ಕತ್ತರಿಸುವವರಿಲ್ಲ. ಸೂಪರ್‌ವೈಸರ್ ಆಗುವ ಮೊದಲು ನೀವು ಮಾಡುತ್ತಿದ್ದ ಕೆಲಸ ಅದೇ. ನಾನು ಯಾರಿಗೂ ಮಾತು ಕೊಟ್ಟಿಲ್ಲ, ನಿಮ್ಮ ಹೆಸರನ್ನು ಯಾರ ಮುಂದೂ ಎತ್ತಿಲ್ಲ. ನಿಮ್ಮನ್ನೇ ಕೇಳುತ್ತಿದ್ದೇನೆ. ಬರುತ್ತೀರಾ?